ಹೊಸ ಲೆನ್ಸ್ ಬರುವವರೆಗೆ ಕಾಯಬೇಕೇ, ಸಿಕ್ಕಿದ್ದನ್ನು ಈಗಲೇ ಕೊಳ್ಳಬೇಕೇ?

ಪ್ರಶ್ನೆ: ನಾನು ಬ್ರಹ್ಮಾವರ ಸಮೀಪದವನು. ಹಗಲು ಸಹಕಾರಿ ಸಂಘವೊಂದರಲ್ಲಿ ಕೆಲಸ, ರಾತ್ರಿ ಯಕ್ಷಗಾನದ ಆಟಗಳ ಫೋಟೊ ತೆಗೆಯುವ ಹವ್ಯಾಸ. ನನ್ನಲ್ಲಿ ಕ್ಯಾನನ್ 200ಡಿ ಎರಡನೇ ಆವೃತ್ತಿಯ ಕ್ಯಾಮೆರಾ ಮತ್ತು ಅದರೊಂದಿಗೆ ಬಂದ 18–55, 55–250 ಲೆನ್ಸ್‌ಗಳಿವೆ. ಬಯಲಾಟದಲ್ಲಿ ವೇಷ ಕುಣಿಯಲು ಶುರು ಮಾಡಿದೊಡನೆ ಚಿತ್ರಗಳೆಲ್ಲ ಮಸುಕಾಗುತ್ತವೆ. ಎರಡು ವರ್ಷಗಳಿಂದ ಕೂಡಿಟ್ಟ 75,000 ರೂಪಾಯಿ ಇದೆ. ಮಂಗಳೂರಿನಲ್ಲಿ ಒಬ್ಬರು ತಾವು ಬಳಸಿದ ಕ್ಯಾನನ್ ಇಎಫ್ 70–200 ಎಫ್ 2.8 ಐಎಸ್ ಎರಡನೇ ಆವೃತ್ತಿಯ ಲೆನ್ಸನ್ನು 68,000ಕ್ಕೆ ಕೊಡುತ್ತೇನೆಂದು ಹೇಳಿದ್ದಾರೆ. ಗೆಳೆಯರು ಮಾತ್ರ, ನಿನ್ನಲ್ಲಿರುವಂಥ, ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ಕಾಲ ಮುಗಿಯಿತು, ಕನ್ನಡಿಯಿಲ್ಲದ ಮಿರರ್‌ಲೆಸ್‌ಗೆ ಹೊಸ ಹೊಸ ಲೆನ್ಸ್ ಬರುತ್ತಿರುವಾಗ ಹಳೆಯದಕ್ಕೆ ಇಷ್ಟು ದುಡ್ಡು ಸುರಿಯಬೇಡ, ಇನ್ನೊಂದೆರಡು ವರ್ಷ ಕಾಯಿ ಎನ್ನುತ್ತಾರೆ. ದೀಪಾವಳಿ ಕಳೆದರೆ ಯಕ್ಷಗಾನ ಮೇಳಗಳು ಊರೂರಿನ ತಿರುಗಾಟಕ್ಕೆ ಹೊರಡುತ್ತವೆ. ನಾನು ಏನು ಮಾಡಲಿ?

ಉತ್ತರ: ಹೊಸ ಲೆನ್ಸ್ ಬರಲಿ ಎಂದು ನೀವು ಕಾಯಬೇಕಾಗಿಲ್ಲ. ಆದರೆ ಮಂಗಳೂರಿನ ಆ ಲೆನ್ಸನ್ನು ನಿಮ್ಮ ಕೈಯಾರೆ ಹಿಡಿದು, ಟಾರ್ಚ್ ಬೆಳಕಿನಲ್ಲಿ ಅದರ ಒಳಗನ್ನು ನೋಡುವ ಮೊದಲು ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ. ಹೀಗೆ ಹೇಳುವುದಕ್ಕೆ ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಇದೇ ಪ್ರಶ್ನೆಯನ್ನು ಕರಾವಳಿಯ ಹಲವು ಹವ್ಯಾಸಿಗಳು ಬೇರೆ ಬೇರೆ ರೂಪದಲ್ಲಿ ನನ್ನಲ್ಲಿ ಕೇಳಿದ್ದಾರೆ.

ಮೊದಲು ನಿಮ್ಮ ಚಿತ್ರಗಳು ಮಸುಕಾಗುವುದೇಕೆ ಎಂಬುದನ್ನು ಖಚಿತ ಮಾಡಿಕೊಳ್ಳೋಣ. ಕೈ ಅಲುಗಿದರೆ ಚಿತ್ರದಲ್ಲಿರುವುದೆಲ್ಲವೂ ಮಸುಕಾಗುತ್ತದೆ. ವೇಷ ಅಲುಗಿದರೆ ರಂಗಸ್ಥಳದ ಕಂಬ, ಹಿಂದೆ ಕುಳಿತ ಭಾಗವತರು, ಅವರ ಮುಂದಿನ ಮೈಕು ಎಲ್ಲವೂ ಸ್ಪಷ್ಟವಾಗಿದ್ದು ಕುಣಿಯುವವರ ಕೈಕಾಲು ಮಾತ್ರ ಮಸುಕಾಗಿರುತ್ತದೆ. ವೇಷ ಕುಣಿಯಲು ಶುರು ಮಾಡಿದೊಡನೆ ಎಂದು ನೀವು ಬರೆದಿರುವುದರಿಂದ ನಿಮ್ಮದು ಎರಡನೆಯ ಬಗೆಯ ತೊಂದರೆ ಎಂದು ತೋರುತ್ತದೆ. ನಿಮ್ಮ 55–250 ಲೆನ್ಸ್‌ನಲ್ಲಿರುವ ಐಎಸ್ ಎಂಬ ಅಲುಗಾಟ ತಡೆಯುವ ಏರ್ಪಾಡು ನಿಮ್ಮ ಕೈಯ ನಡುಕವನ್ನು ಮಾತ್ರ ಸರಿದೂಗಿಸುತ್ತದೆ. ಮಂಡಿ ಕುಣಿತದಲ್ಲಿ ಗಿರ್ರನೆ ತಿರುಗುತ್ತಿರುವ ವೇಷವನ್ನು ಹಿಡಿದು ನಿಲ್ಲಿಸುವುದು ಶಟರಿನ ವೇಗವೇ ಹೊರತು ಬೇರೇನೂ ಅಲ್ಲ, ಮತ್ತು ಆ ವೇಗ ಬರಬೇಕಾದರೆ ಬೆಳಕು ಬೇಕು.

ಲೆಕ್ಕ ಹೀಗಿದೆ. 55–250 ಲೆನ್ಸ್ ದೂರದ್ದನ್ನು ಹತ್ತಿರ ತೋರಿಸಲು 200 ಮಿ.ಮೀ. ಆಸುಪಾಸಿಗೆ ಬಂದಾಗ ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಬಯಲಾಟದ ಬೆಳಕಿನಲ್ಲಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯ ಅಳತೆ, 6400 ಇಟ್ಟಾಗ ನಿಮಗೆ ಸೆಕೆಂಡಿನ 1/125ರಷ್ಟು ಶಟರ್ ಸಿಗುತ್ತಿದೆ ಎಂದುಕೊಳ್ಳಿ. ಎಫ್ 2.8 ಎಂದರೆ ಎರಡು ಸ್ಟಾಪ್ ಹೆಚ್ಚು, ಅಂದರೆ ನಾಲ್ಕು ಪಟ್ಟು ಬೆಳಕು. ಅದೇ ಐಎಸ್‌ಒನಲ್ಲಿ ಶಟರ್ 1/500ಕ್ಕೆ ಏರುತ್ತದೆ. 1/125ರಲ್ಲಿ ಗೆಜ್ಜೆ ಕಟ್ಟಿದ ಕಾಲು ಒಂದು ಗೆರೆಯಾಗಿ ಹರಿದುಹೋಗುತ್ತದೆ, 1/500ರಲ್ಲಿ ಗೆಜ್ಜೆಯ ಗುಂಡುಗಳನ್ನು ಎಣಿಸಬಹುದು. ಲೆನ್ಸ್ ಬದಲಿಸದೆ ಇದೇ ವೇಗ ಪಡೆಯಬೇಕೆಂದರೆ ಐಎಸ್‌ಒವನ್ನು 25,600ಕ್ಕೆ ಏರಿಸಬೇಕು. ಅದು ನಿಮ್ಮ ಕ್ಯಾಮೆರಾದ ಸಾಮಾನ್ಯ ಮಿತಿಯ ತುತ್ತತುದಿ, ಅಲ್ಲಿ ಮುಖವರ್ಣಿಕೆಯ ಸೂಕ್ಷ್ಮ ಗೆರೆಗಳೆಲ್ಲ ಕಾಳುಕಾಳಾಗಿ ಕರಗಿಹೋಗುತ್ತವೆ. ಇನ್ನೊಂದು ಪ್ರಯೋಜನವನ್ನು ಜನ ಗಮನಿಸುವುದಿಲ್ಲ. ಡಿಎಸ್‌ಎಲ್‌ಆರ್ ಕ್ಯಾಮೆರಾ ಲೆನ್ಸಿನ ಅಪರ್ಚರನ್ನು ಪೂರ್ತಿ ತೆರೆದಿಟ್ಟುಕೊಂಡೇ ಫೋಕಸ್ ಹುಡುಕುತ್ತದೆ, ಆದ್ದರಿಂದ ಎಫ್ 2.8 ಲೆನ್ಸ್ ಹಾಕಿದಾಗ ವ್ಯೂಫೈಂಡರ್ ಬೆಳಗುವುದಷ್ಟೇ ಅಲ್ಲ, ಮಬ್ಬು ಬೆಳಕಿನಲ್ಲಿ ಫೋಕಸ್ ತಡಕಾಡುವುದೂ ಕಡಿಮೆಯಾಗುತ್ತದೆ.

ಈಗ ಗೆಳೆಯರು ಹೇಳುವ ಹೊಸ ಲೆನ್ಸಿನ ವಿಚಾರ. ಕ್ಯಾನನ್ ಕಂಪೆನಿಯ ಈ ಜಾತಿಯ ಲೆನ್ಸುಗಳ ವಂಶಾವಳಿಯನ್ನು ಒಮ್ಮೆ ನೋಡಿ. 1989ರಲ್ಲಿ 80–200 ಎಫ್ 2.8 ಬಂತು. 1995ರಲ್ಲಿ ಅದು 70–200 ಆಯಿತು. 2001ರಲ್ಲಿ ಐಎಸ್ ಸೇರಿತು. 2010ರಲ್ಲಿ ನಿಮಗೆ ಈಗ ಸಿಗುತ್ತಿರುವ ಎರಡನೇ ಆವೃತ್ತಿ, 2018ರಲ್ಲಿ ಮೂರನೆಯದು. ಆಮೇಲೆ ಮಿರರ್‌ಲೆಸ್‌ನ ಆರ್‌ಎಫ್ ಮೌಂಟ್‌ಗೆ (ಮೌಂಟ್ ಎಂದರೆ ಕ್ಯಾಮೆರಾಕ್ಕೆ ಲೆನ್ಸ್ ಕೂರುವ ಜಾಗ) 2019ರಲ್ಲಿ ಒಂದು, 2024ರ ಕೊನೆಯಲ್ಲಿ ಇನ್ನೊಂದು. ಇಷ್ಟು ವರ್ಷಗಳಲ್ಲಿ ಫೋಕಸ್ ಚುರುಕಾಗಿದೆ, ಗಾಜಿನ ಲೇಪನ ಸುಧಾರಿಸಿದೆ, ತೂಕ ಗಣನೀಯವಾಗಿ ಇಳಿದಿದೆ: 2010ರ ಲೆನ್ಸ್ 1,490 ಗ್ರಾಂ ತೂಗಿದರೆ 2019ರ ಆರ್‌ಎಫ್ ಲೆನ್ಸ್ ತೂಗುವುದು 1,070 ಗ್ರಾಂ. ಆದರೆ 1989ರಲ್ಲಿದ್ದ ಎಫ್ 2.8 ಇಂದಿಗೂ ಎಫ್ 2.8 ಆಗಿಯೇ ಉಳಿದಿದೆ. ನಿಮಗೆ ಕೊರತೆಯಾಗಿರುವುದು ಬೆಳಕು, ಮತ್ತು ಬೆಳಕಿನ ಮಟ್ಟಿಗೆ ಈ ಏಳೂ ಲೆನ್ಸುಗಳು ಒಂದೇ. ತೂಕ ಇಳಿಯಲಿ ಎಂದು ನೀವು ಕಾಯುತ್ತಿದ್ದರೆ ನನ್ನ ಉತ್ತರ ಬೇರೆಯೇ ಆಗುತ್ತಿತ್ತು.

ನಾನೂ ಹೀಗೆ ಕಾದವನೇ. ಎರಡನೇ ಆವೃತ್ತಿ ಬಂದು ಆರು ವರ್ಷವಾಗಿದ್ದಾಗ, ಮೂರನೆಯದು ಇನ್ನೇನು ಬರುತ್ತದೆ ಎಂಬ ಸುದ್ದಿಯನ್ನು ನಂಬಿ ಕೈಯಲ್ಲಿದ್ದ ಹಣವನ್ನು ಹಾಗೆಯೇ ಇಟ್ಟುಕೊಂಡೆ. ಎರಡು ತಿರುಗಾಟ ಕಳೆಯಿತು. 2018ರಲ್ಲಿ ಮೂರನೆಯದು ಬಂದಾಗ ನೋಡಿದರೆ ಒಳಗಿನ ಗಾಜುಗಳ ವಿನ್ಯಾಸ ಹಿಂದಿನದೇ ಆಗಿತ್ತು; ಬೆಳಕಿನ ಪ್ರತಿಫಲನ ತಡೆಯುವ ಹೊಸ ಲೇಪನ, ಮುಂದಿನ ಮತ್ತು ಹಿಂದಿನ ಗಾಜಿಗೆ ನೀರು, ಎಣ್ಣೆ ಅಂಟದಂತೆ ಇನ್ನೊಂದು ಲೇಪನ, ಹೊರಗಿನ ಬಣ್ಣದಲ್ಲಿ ತುಸು ಬದಲಾವಣೆ, ಇಷ್ಟೇ. ಆ ಎರಡು ವರ್ಷಗಳಲ್ಲಿ ನಮ್ಮ ಊರಿನ ಹರಕೆ ಆಟಕ್ಕೆ ತಪ್ಪದೆ ಬರುತ್ತಿದ್ದ ಹಿರಿಯ ಸ್ತ್ರೀವೇಷಧಾರಿಯೊಬ್ಬರು ಗೆಜ್ಜೆ ಬಿಚ್ಚಿದರು. ಅವರ ಕೊನೆಯ ಆಟದ ರಾತ್ರಿ ನಾನು ಮುಂದಿನ ಸಾಲಿನಲ್ಲಿಯೇ ಇದ್ದೆ, ಕೈಯಲ್ಲಿ ಎಫ್ 5.6 ಲೆನ್ಸ್ ಇತ್ತು. ಅವರು ಸೆರಗು ಸರಿಪಡಿಸಿಕೊಂಡು ಮೆಲ್ಲಗೆ ಹಿಂತಿರುಗಿ ನೋಡುವ ಒಂದು ಭಂಗಿ ಇತ್ತು. ಅದರ ಹದಿನಾಲ್ಕು ಚಿತ್ರಗಳು ನನ್ನಲ್ಲಿವೆ, ಹದಿನಾಲ್ಕರಲ್ಲೂ ಕಣ್ಣು ಅಲುಗಿದೆ. ನಿಮಗೆ ಕಾಯಬೇಡಿ ಎನ್ನುವಾಗ ಆ ಹದಿನಾಲ್ಕು ಚಿತ್ರಗಳು ನನ್ನ ಮನಸ್ಸಿನಲ್ಲಿವೆ.

ಡಿಎಸ್‌ಎಲ್‌ಆರ್ ಕಾಲ ಮುಗಿಯಿತು ಎಂಬ ಮಾತಿನಲ್ಲಿ ಸತ್ಯವಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಕ್ಯಾನನ್ 1987ರಲ್ಲಿ ಶುರು ಮಾಡಿದ ಇಎಫ್ ಮೌಂಟ್‌ನ ಜಾಗಕ್ಕೆ 2018ರಲ್ಲಿ ಆರ್‌ಎಫ್ ಮೌಂಟನ್ನು ತಂದಿತು, ಈಗ ಹೊಸ ವಿನ್ಯಾಸಗಳೆಲ್ಲ ಬರುವುದು ಅದಕ್ಕೇ. ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ನಿಮ್ಮ ಗೆಳೆಯರು ಮರೆತಿದ್ದಾರೆ. ಇಎಫ್ ಲೆನ್ಸನ್ನು ಕ್ಯಾನನ್‌ನದೇ ಅಡಾಪ್ಟರ್ ಮೂಲಕ ಆರ್‌ಎಫ್ ಕ್ಯಾಮೆರಾಕ್ಕೆ ಹಾಕಬಹುದು. ಆ ಅಡಾಪ್ಟರಿನೊಳಗೆ ಗಾಜೇ ಇಲ್ಲ, ಅದು ಬರೀ ಅಂತರ ತುಂಬುವ ಬಳೆ, ಆದ್ದರಿಂದ ಚಿತ್ರದ ಗುಣಮಟ್ಟ ಕುಗ್ಗುವುದಿಲ್ಲ, ಫೋಕಸ್ ಮತ್ತು ಐಎಸ್ ಎರಡೂ ಕೆಲಸ ಮಾಡುತ್ತವೆ. ಆರ್‌ಎಫ್ ಲೆನ್ಸನ್ನು ನಿಮ್ಮ 200ಡಿಗೆ ಹಾಕಲು ಮಾತ್ರ ಯಾವ ದಾರಿಯೂ ಇಲ್ಲ. ಅಂದರೆ ಈಗ ಇಎಫ್ ಲೆನ್ಸ್ ಕೊಂಡರೆ ಮುಂದೆ ನೀವು ಮಿರರ್‌ಲೆಸ್ ಬಾಡಿ (ಲೆನ್ಸಿಲ್ಲದ ಬರೀ ಕ್ಯಾಮೆರಾ) ತೆಗೆದುಕೊಂಡಾಗ ಅದು ನಿಮ್ಮೊಡನೆ ಬರುತ್ತದೆ, ಮತ್ತು ಆಗ ಆ ಲೆನ್ಸಿನ ಫೋಕಸ್ ಈಗಿರುವುದಕ್ಕಿಂತ ಚೆನ್ನಾಗಿಯೇ ನಡೆಯುತ್ತದೆ. ಹೊಸ ಲೆನ್ಸಿಗೆ ಕಾದರೆ ಲೆನ್ಸನ್ನೂ ಬಾಡಿಯನ್ನೂ ಒಟ್ಟಿಗೆ ಕೊಳ್ಳಬೇಕು. ಆರ್‌ಎಫ್ 70–200 ಎಫ್ 2.8 ಹೊಸದಕ್ಕೆ ಎರಡು ಲಕ್ಷ ರೂಪಾಯಿಗೂ ಹೆಚ್ಚು ಬೇಕು. ಎರಡು ವರ್ಷದಲ್ಲಿ 75,000 ಕೂಡಿಸಿದ ನೀವು ಅಲ್ಲಿಗೆ ತಲುಪುವಷ್ಟರಲ್ಲಿ ಎಷ್ಟು ಪತ್ತನಾಜೆಗಳು (ತಿರುಗಾಟ ಮುಗಿಯುವ ದಿನಗಳು) ಕಳೆದುಹೋಗುತ್ತವೆ ಎಂಬುದನ್ನು ನೀವೇ ಲೆಕ್ಕ ಹಾಕಿ.

ಹಣದ ಮಾತನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. ಬಳಸಿದ ಲೆನ್ಸಿನ ಬೆಲೆ ಇಳಿಯಬೇಕಾದಷ್ಟು ಬಹುಪಾಲು ಈಗಾಗಲೇ ಇಳಿದಿದೆ. ಮೂರು ವರ್ಷ ಬಳಸಿ 50,000ಕ್ಕೆ ಮಾರಿದಿರಿ ಎಂದಿಟ್ಟುಕೊಳ್ಳೋಣ, ಕಳೆದುಕೊಂಡದ್ದು 18,000. ಒಂದು ತಿರುಗಾಟದಲ್ಲಿ 25 ಆಟಗಳಿಗೆ ಹೋದರೂ ಮೂರು ವರ್ಷಕ್ಕೆ 75 ರಾತ್ರಿ, ರಾತ್ರಿಯೊಂದಕ್ಕೆ 240 ರೂಪಾಯಿ. ವರ್ಷಕ್ಕೆ ಮೂರೋ ನಾಲ್ಕೋ ಆಟ ನೋಡುವವರಾದರೆ ಈ ಲೆನ್ಸ್ ನಿಮಗೆ ಬೇಡವೇ ಬೇಡ, ಆ ರಾತ್ರಿಗಳಿಗೆ ಬಾಡಿಗೆಗೆ ತಂದರೆ ಸಾಕು.

ಕಾಯುವುದೇ ಸರಿಯಾಗುವ ಸಂದರ್ಭಗಳೂ ಇಲ್ಲದಿಲ್ಲ. ಕಂಪೆನಿ ಹೊಸ ಆವೃತ್ತಿಯನ್ನು ಅಧಿಕೃತವಾಗಿ ಪ್ರಕಟಿಸಿ ಮಾರಾಟದ ದಿನವನ್ನೂ ಹೇಳಿದ್ದರೆ ಕಾಯಬೇಕು, ಏಕೆಂದರೆ ಹಳೆಯದರ ಬೆಲೆ ಆಗ ಇಳಿಯುವುದು ಸಾಮಾನ್ಯ. ಕ್ಯಾನನ್ ಬಿಟ್ಟು ನಿಕಾನ್ ಅಥವಾ ಸೋನಿಗೆ ಹೋಗುವ ಮನಸ್ಸಿದ್ದರೂ ಕಾಯಬೇಕು. ಹೊಸ ಲೆನ್ಸನ್ನೇ ಅಂಗಡಿಯಿಂದ ಕೊಳ್ಳುವವರು ನವರಾತ್ರಿ, ದೀಪಾವಳಿಯ ರಿಯಾಯಿತಿಗಾಗಿ ಎರಡು ತಿಂಗಳು ತಾಳುವುದು ಬುದ್ಧಿವಂತಿಕೆ. ಮಳೆಗಾಲದಲ್ಲಿ ಹೇಗೂ ಮೇಳಗಳ ತಿರುಗಾಟವಿಲ್ಲ. ಸುದ್ದಿ, ಊಹೆ, ಯಾರೋ ಹೇಳಿದರು ಎಂಬುದು ಈ ಪಟ್ಟಿಯಲ್ಲಿ ಬರುವುದಿಲ್ಲ.

ನಿಮ್ಮ ಪತ್ರ ನನ್ನ ಕೈ ಸೇರಿರುವುದು ತುಳುವರ ಆಟಿ ತಿಂಗಳಲ್ಲಿ, ಹೊರಗೆ ಮಳೆ ಸುರಿಯುತ್ತಿರುವಾಗ. ಇದು ಆಕಸ್ಮಿಕವಾದರೂ ಮುಖ್ಯವಾದ ಸಂಗತಿ. ನಮ್ಮ ಕರಾವಳಿಯಲ್ಲಿ ಬಳಸಿದ ಲೆನ್ಸ್ ಕೊಳ್ಳುವವರಿಗೆ ಅತಿ ದೊಡ್ಡ ಶತ್ರು ಹೊಸ ಆವೃತ್ತಿಯಲ್ಲ, ಬೂಷ್ಟು. ಗೋಡೆ ಬೆವರುವ, ಚಪ್ಪಲಿಯ ಮೇಲೂ ಬೂಷ್ಟು ಹಿಡಿಯುವ ಈ ತಿಂಗಳುಗಳಲ್ಲಿ, ಕತ್ತಲೆಯ ಬ್ಯಾಗಿನೊಳಗೆ ಇಟ್ಟ ಲೆನ್ಸಿನ ಗಾಜಿನ ಮೇಲೆ ಅದು ಸದ್ದಿಲ್ಲದೆ ಬೆಳೆಯುತ್ತದೆ, ಮತ್ತು ಬೆಳೆಯುತ್ತಾ ಆಮ್ಲವನ್ನು ಬಿಡುತ್ತದೆ. ಆರಂಭದಲ್ಲಿಯೇ ಕಂಡರೆ ಬಿಚ್ಚಿ ಒರೆಸಬಹುದು, ತಡವಾದರೆ ಒರೆಸಿದ ಮೇಲೂ ಲೇಪನದಲ್ಲಿ ಅದರ ಗುರುತು ಉಳಿದುಬಿಡುತ್ತದೆ. ಬೇಸಗೆಯಲ್ಲಿ ಶುಚಿಯಾಗಿ ಕಾಣುವ ಲೆನ್ಸಿನ ನಿಜ ತಿಳಿಯಬೇಕಾದರೆ ಅದನ್ನು ಮಳೆಗಾಲದ ಕೊನೆಯಲ್ಲಿ ನೋಡಬೇಕು. ಆದ್ದರಿಂದ ಮಾರುವವರು ಒಪ್ಪಿದರೆ ಚೌತಿ ಕಳೆದ ಮೇಲೆ ಮಂಗಳೂರಿಗೆ ಹೋಗಿ. ಬೇರೆ ಗಿರಾಕಿ ಬಂದಿದ್ದಾರೆ ಎಂದು ಅವರು ಅವಸರಪಡಿಸಿದರೆ ಈಗಲೇ ಹೋಗಿ, ಆದರೆ ಹಗಲು ಹೊತ್ತಿನಲ್ಲಿ ಹೋಗಿ, ಕೈಯಲ್ಲಿ ಒಂದು ಗಂಟೆ ಸಮಯ ಇಟ್ಟುಕೊಂಡು ಹೋಗಿ.

ಅಲ್ಲಿ ಮಾಡಬೇಕಾದದ್ದನ್ನು ಹೇಳುತ್ತೇನೆ. ಲೆನ್ಸಿನ ಎರಡೂ ಕಡೆಯ ಮುಚ್ಚಳ ತೆಗೆದು, ಕೋಣೆಯ ದೀಪ ಆರಿಸಿ, ಸಣ್ಣ ಎಲ್‌ಇಡಿ ಟಾರ್ಚನ್ನು ಹಿಂಬದಿಯಿಂದ ಓರೆಯಾಗಿ ಹಿಡಿದು ಮುಂದಿನಿಂದ ಇಣುಕಿ ನೋಡಿ. ಬಳಿಕ ಟಾರ್ಚನ್ನು ಮುಂದೆ ಹಿಡಿದು ಹಿಂದಿನಿಂದ ನೋಡಿ. ಚುಕ್ಕಿಚುಕ್ಕಿಯಾಗಿ ಕಾಣುವುದು ಧೂಳು. ಹದಿನೈದು ವರ್ಷ ಹಳೆಯ ಜೂಮ್ ಲೆನ್ಸಿನಲ್ಲಿ ಅದು ಇಲ್ಲದಿದ್ದರೇ ಆಶ್ಚರ್ಯ, ಚಿತ್ರಕ್ಕೆ ಅದರಿಂದ ಹಾನಿಯಿಲ್ಲ. ಜೇಡನ ಬಲೆಯ ಎಳೆಗಳಂತೆ ಕವಲೊಡೆದು ಹರಡಿರುವುದು ಬೂಷ್ಟು. ಗಾಜಿನ ಅಂಚಿನಿಂದ ಒಳಕ್ಕೆ ಚಾಚಿದ ಒಂದು ಎಳೆ ಕಂಡರೂ ಲೆನ್ಸನ್ನು ಮರಳಿ ಕೊಟ್ಟು ಎದ್ದು ಬನ್ನಿ, ಬೆಲೆ ಇಳಿಸುತ್ತೇನೆ ಎಂದರೂ ಕೇಳಬೇಡಿ. ಒಂದು ಗಾಜಿನ ಮೇಲೆಲ್ಲ ಹಾಲು ಸವರಿದಂತೆ ತೆಳ್ಳಗೆ ಮಬ್ಬು ಕವಿದಿದ್ದರೂ ಅದೇ ಮಾತು, ಏಕೆಂದರೆ ರಂಗಸ್ಥಳದ ದೀಪಗಳು ನೇರವಾಗಿ ಲೆನ್ಸಿಗೆ ಹೊಡೆಯುವಾಗ ಆ ಮಬ್ಬು ಇಡೀ ಚಿತ್ರವನ್ನು ಬೆಳ್ಳಗಾಗಿಸುತ್ತದೆ. ಆಮೇಲೆ ಹಿಂಬದಿಯ ತಿರುಪುಗಳನ್ನು ನೋಡಿ. ಅವುಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಎಂದರ್ಥ, ಏಕೆ ಬಿಚ್ಚಿದರು ಎಂದು ಕೇಳಿ.

ನಿಮ್ಮ ಕ್ಯಾಮೆರಾವನ್ನು ಜೊತೆಗೆ ಒಯ್ಯುವುದನ್ನು ಮರೆಯಬೇಡಿ. ಲೆನ್ಸ್ ಹಾಕಿ, 1.2 ಮೀಟರ್ ಹತ್ತಿರದ ವಸ್ತುವಿನಿಂದ ಕಿಟಕಿಯಾಚೆಯ ತೆಂಗಿನ ಮರದವರೆಗೆ ಹತ್ತಾರು ಸಲ ಫೋಕಸ್ ಮಾಡಿಸಿ. ಎಲ್ಲಿಯೂ ತಡವರಿಸಬಾರದು, ಕಿರುಗುಟ್ಟಬಾರದು. ದಿನಪತ್ರಿಕೆಯ ಎರಡು ಪುಟಗಳನ್ನು ಗೋಡೆಗೆ ಅಂಟಿಸಿ, ಕ್ಯಾಮೆರಾವನ್ನು ಅದಕ್ಕೆ ನೇರವಾಗಿ ಮೇಜಿನ ಮೇಲಿಟ್ಟು, ಎಫ್ 2.8ರಲ್ಲಿಯೇ 70, 135, 200 ಮಿ.ಮೀ.ಗಳಲ್ಲಿ ಚಿತ್ರ ತೆಗೆಯಿರಿ. ನಾಲ್ಕು ಮೂಲೆಗಳ ಅಕ್ಷರಗಳು ಹೆಚ್ಚುಕಡಿಮೆ ಒಂದೇ ರೀತಿ ಓದಲು ಬರಬೇಕು. ಒಂದು ಬದಿ ಸ್ಪಷ್ಟವಾಗಿದ್ದು ಇನ್ನೊಂದು ಬದಿ ಕರಗಿದ್ದರೆ ಲೆನ್ಸ್ ಎಲ್ಲಿಯೋ ಬಿದ್ದು ಒಳಗಿನ ಗಾಜು ಸ್ಥಾನ ತಪ್ಪಿರುವ ಸಂಭವ ಹೆಚ್ಚು. ಮೂಲ ಬಿಲ್ಲು ಕೇಳಿ, ಅದರಲ್ಲಿರುವ ಸೀರಿಯಲ್ ನಂಬರ್ ಲೆನ್ಸಿನ ಮೇಲಿರುವುದಕ್ಕೆ ಹೊಂದುತ್ತದೆಯೇ ನೋಡಿ. ಮಳೆಗಾಲದಲ್ಲಿ ಇದನ್ನು ಎಲ್ಲಿಡುತ್ತಿದ್ದಿರಿ ಎಂಬ ಪ್ರಶ್ನೆಯನ್ನೂ ಕೇಳಿ; ಅದಕ್ಕೆ ಬರುವ ಉತ್ತರದಿಂದ ಬಹಳಷ್ಟು ತಿಳಿಯುತ್ತದೆ.

ಲೆನ್ಸ್ ಈ ಪರೀಕ್ಷೆಗಳಲ್ಲಿ ಸೋತರೆ ನಿರಾಶರಾಗಬೇಕಿಲ್ಲ. ಅದೇ ಹಣದ ಒಂದು ಪಾಲಿನಲ್ಲಿ ಇಎಫ್ 85 ಮಿ.ಮೀ. ಎಫ್ 1.8 ಸಿಗುತ್ತದೆ. 1992ರ ವಿನ್ಯಾಸ, ತೂಕ 425 ಗ್ರಾಂ, ಎಫ್ 5.6ಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು. ಅದರಲ್ಲಿ ಜೂಮ್ ಇಲ್ಲ, ಆದ್ದರಿಂದ ಕುಳಿತುಕೊಳ್ಳುವ ಜಾಗವನ್ನು ಆರಿಸಿಕೊಳ್ಳಬೇಕು. ನಿಮ್ಮ ಕ್ಯಾಮೆರಾವನ್ನು ಉದ್ದುದ್ದ ಹಿಡಿದಾಗ ಕಿರೀಟದಿಂದ ಗೆಜ್ಜೆಯವರೆಗೆ ಇಡೀ ವೇಷ ಚೌಕಟ್ಟಿನೊಳಗೆ ಬರಬೇಕಾದರೆ 70 ಮಿ.ಮೀ.ಗೆ ಸುಮಾರು ಏಳು ಮೀಟರ್, 85ಕ್ಕೆ ಸುಮಾರು ಎಂಟೂವರೆ ಮೀಟರ್ ದೂರ ಬೇಕು. ಬಯಲಾಟದಲ್ಲಿ ಇದು ಕಷ್ಟವಲ್ಲ. ಮಳೆಗಾಲದಲ್ಲಿ ಮನೆಮನೆಗೆ ಬರುವ ಚಿಕ್ಕಮೇಳದ ಚಿತ್ರ ತೆಗೆಯಲು ಹೊರಟರೆ ಮಾತ್ರ ಮನೆಯ ಚಾವಡಿಯಲ್ಲಿ ಈ ಎರಡೂ ಲೆನ್ಸುಗಳು ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿಗೆ 160 ಗ್ರಾಂ ತೂಕದ 50 ಮಿ.ಮೀ. ಎಫ್ 1.8 ಸಾಕು. ವೇಷ ಕಟ್ಟುವ ಜಾಗವಾದ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವವರ ಚಿತ್ರಕ್ಕೂ ನಾನು ಬಳಸುವುದು ಅದನ್ನೇ.

ಲೆನ್ಸ್ ಗೆದ್ದರೆ, 68,000 ಕೊಟ್ಟು ಉಳಿಯುವ 7,000ವನ್ನು ಖರ್ಚಾಗದ ಹಣ ಎಂದುಕೊಳ್ಳಬೇಡಿ, ಅದಕ್ಕೆ ಎರಡು ಕೆಲಸಗಳಿವೆ. ನಿಮ್ಮ ಕ್ಯಾಮೆರಾದ ತೂಕ 449 ಗ್ರಾಂ, ಈ ಲೆನ್ಸಿನದು ಅದರ ಮೂರು ಪಟ್ಟಿಗೂ ಹೆಚ್ಚು. ಇಡೀ ರಾತ್ರಿ ಕೈಯಲ್ಲಿ ಹಿಡಿದರೆ ಎರಡನೇ ದಿನ ಭುಜ ಎತ್ತಲಾಗುವುದಿಲ್ಲ. ಒಂದು ಮೋನೊಪಾಡ್ (ಒಂಟಿಕಾಲಿನ ಆಸರೆ) ಕೊಂಡು, ಲೆನ್ಸಿನ ಸುತ್ತ ಇರುವ ಪಟ್ಟಿಗೇ ಅದನ್ನು ಜೋಡಿಸಿ. ಕ್ಯಾಮೆರಾಕ್ಕೆ ಜೋಡಿಸಿದರೆ ಭಾರವೆಲ್ಲ ಮೌಂಟಿನ ಮೇಲೆ ಬೀಳುತ್ತದೆ. ಇನ್ನೊಂದು, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅರ್ಧ ಕಿಲೊ ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಪುಟ್ಟ ಮಾಪಕ. ಡಬ್ಬಿಯೊಳಗಿನ ತೇವಾಂಶ ಶೇಕಡಾ 40ರಿಂದ 50ರ ನಡುವೆ ಇರಲಿ. ಕಿತ್ತಳೆ ಬಣ್ಣದ ಜೆಲ್ ತೇವ ಹೀರಿ ಹಸಿರಾದಾಗ, ನೀಲಿಯದು ಗುಲಾಬಿಯಾದಾಗ ಬಿಸಿಮಾಡಿ ಮತ್ತೆ ಬಳಸಬಹುದು, ಆದರೆ ನೀಲಿ ಜೆಲ್‌ನಲ್ಲಿ ಕೋಬಾಲ್ಟಿನ ವಿಷಕಾರಿ ಲವಣ ಇರುವುದರಿಂದ ಅಡುಗೆಯ ಬಾಣಲೆಯಲ್ಲಿ ಖಂಡಿತ ಹುರಿಯಬೇಡಿ. ಲೆನ್ಸಿನೊಂದಿಗೆ ಬಂದ ಬಟ್ಟೆಯ ಚೀಲ ತೇವ ಹಿಡಿದಿಡುತ್ತದೆ, ಅದು ಡಬ್ಬಿಯ ಹೊರಗೇ ಇರಲಿ.

ಮೊದಲ ಆಟದ ರಾತ್ರಿ ಎಫ್ 2.8, 1/500, ಐಎಸ್‌ಒ 6400 ಇಟ್ಟುಕೊಂಡು ಶುರು ಮಾಡಿ. ನಿಮ್ಮ ಕ್ಯಾಮೆರಾದ ಒಂಬತ್ತು ಫೋಕಸ್ ಬಿಂದುಗಳಲ್ಲಿ ನಡುವಿನದು ಮಾತ್ರ ಅಡ್ಡ ಮತ್ತು ನೇರ ಗೆರೆಗಳೆರಡನ್ನೂ ಗುರುತಿಸುವಂಥದ್ದು, ಆದ್ದರಿಂದ ಅದೊಂದನ್ನೇ ಆರಿಸಿ, ವೇಷದ ಕಣ್ಣಿನ ಮೇಲಿಡಿ. ಕೆಲವು ಚಿತ್ರಗಳಲ್ಲಿ ಅಡ್ಡಪಟ್ಟೆಗಳು ಕಾಣಿಸಿದರೆ, ಒಂದು ಚಿತ್ರ ಬೆಳಗಿ ಮುಂದಿನದು ಕಪ್ಪಾದರೆ ಲೆನ್ಸನ್ನು ಅನುಮಾನಿಸಬೇಡಿ. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಪ್ರವಾಹದಲ್ಲಿ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಅದನ್ನು ಯಾವ ಲೆನ್ಸೂ ಸರಿಪಡಿಸಲಾರದು. ಅಂಥ ದೀಪಗಳಿದ್ದಲ್ಲಿ, ಮಾತುಗಾರಿಕೆ ನಡೆಯುತ್ತಾ ವೇಷಗಳು ನಿಂತಿರುವಾಗ 1/100ಕ್ಕೆ ಇಳಿಸಿ ತೆಗೆಯಿರಿ, ಭಾಗವತರು ಪದ ಎತ್ತಿ ಚೆಂಡೆ ಏರಿದೊಡನೆ 1/500ಕ್ಕೆ ಮರಳಿ.